ಹೆಚ್ಚು ಅಗತ್ಯ ಇರೋರಿಗೆ ಕೊಡಿ

ಆ ವರ್ಷದ ನವೆಂಬರಿನಲ್ಲಿ ಇಂಗ್ಲೆಂಡಿನ ಲ್ಯಾಂಕಷರಿನ ಸ್ಯಾಂಡ್‌ವಿಚ್ ಕಾರ್ಖಾನೆಯೊಂದರ ಮುಂದೆ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಎದ್ದು ನಿಂತಿತು. ಒಂದು ಸ್ಯಾಂಡ್‌ವಿಚ್ಚಿಗೆ ಸೌತೆಕಾಯಿ ಬಿಲ್ಲೆ ಮೂರೋ, ನಾಲ್ಕೋ ಎಂಬುದೇ ಆ ಪ್ರಶ್ನೆ. ಎರಡು ಸಭೆ ನಡೆದವು. ಮೇಲಿನ ಕಚೇರಿಯಿಂದ ಟೈ ಕಟ್ಟಿದವರಿಬ್ಬರು ಬಂದು, ತಲೆಗೆ ನೀಲಿ ಬಲೆ ಹಾಕಿಕೊಂಡು, ಬಿಲ್ಲೆಗಳ ದಪ್ಪ ಅಳೆದರು. ಕಡೆಗೆ ಮೂರು ಎಂದು ತೀರ್ಮಾನವಾಯಿತು. ನಾಲ್ಕನೆಯದನ್ನು ಇಟ್ಟವರನ್ನು ಕರೆದು ಮಾತಾಡಲಾಗುವುದು ಎಂಬ ನೋಟೀಸನ್ನು ಕೈ ತೊಳೆಯುವ ತೊಟ್ಟಿಯ ಮೇಲೆ ಅಂಟಿಸಿದರು.

ಆ ನೋಟೀಸಿನ ಕೆಳಗೆ ಕೈ ತೊಳೆಯುತ್ತಿದ್ದ ಗ್ಲೆನಿಸ್‌ಗೆ ಒಂದು ಬಿಲ್ಲೆಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಐವತ್ತೆಂಟರ ಹೆಂಗಸು. ಹತ್ತೊಂಬತ್ತು ವರ್ಷದಿಂದ ಎರಡನೇ ಲೈನಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವ ಕೆಲಸ. ಕಂಪನಿಯವಳಲ್ಲ, ಏಜೆನ್ಸಿಯವಳು, ಹತ್ತೊಂಬತ್ತು ವರ್ಷವೂ ತಾತ್ಕಾಲಿಕ. ಬ್ರೆಡ್ಡಿನ ಆರೋಗ್ಯ ಕೆಡಬಾರದೆಂದು ಅಲ್ಲಿ ಕೋಣೆಯನ್ನು ಫ್ರಿಜ್ಜಿನ ಹಾಗೆ ತಣ್ಣಗಿಡುತ್ತಾರೆ. ಸೆಪ್ಟೆಂಬರಿನಿಂದ ಅವಳು ನುಂಗಿದ್ದು ಎದೆಯ ನಡುವೆ ಬಂದು ನಿಲ್ಲತೊಡಗಿತ್ತು. ಮೊದಲು ಮಾಂಸ, ಆಮೇಲೆ ಬ್ರೆಡ್ಡು, ಈಗ ಬೆಂದ ಆಲೂಗಡ್ಡೆ. ದಿನಕ್ಕೆ ಸಾವಿರಾರು ಹೋಳಿಗೆ ಬೆಣ್ಣೆ ಹಚ್ಚಿ, ಊಟದ ಬಿಡುವಿನಲ್ಲಿ ಫ್ಲಾಸ್ಕಿನಿಂದ ಸೂಪು ಸುರಿದುಕೊಳ್ಳುತ್ತಿದ್ದಳು.

ಬೆಲ್ಟಿನ ಆಚೆ ಬದಿ ನಿಂತು ಟೊಮೇಟೊ ಇಡುವ ರುಖ್ಸಾನಾ ಇದನ್ನು ಗಮನಿಸಿದಳು. ಅದೇ ಊರಿನಲ್ಲಿ ಹುಟ್ಟಿ ಬೆಳೆದವಳು, ನಲವತ್ತು ದಾಟಿದವಳು, ನಾಲಿಗೆ ಸ್ವಲ್ಪ ಚುರುಕು.

"ಮೂರು ವಾರದಿಂದ ಬರೀ ಸೂಪು ಕುಡೀತಿದೀಯ. ಮಾಡೆಲ್ ಆಗೋಕೆ ಹೊರಟಿದೀಯೇನು?"

"ಗಂಟಲು ಸ್ವಲ್ಪ ಒಣಗಿದೆ, ಅಷ್ಟೇ."

"ಗಂಟಲು ಒಣಗಿದ್ರೆ ಪ್ಯಾಂಟು ಸಡಿಲ ಆಗುತ್ತಾ, ಮಾರಾಯ್ತಿ?"

ಆ ಊರಿನಲ್ಲಿ ಹೇಗಿದ್ದೀಯ ಎಂದರೆ ಪರವಾಗಿಲ್ಲ ಎನ್ನಬೇಕು. ಕಾಲು ಮುರಿದವರು ಪರವಾಗಿಲ್ಲ ಎನ್ನುತ್ತಾರೆ. ಮನೆ ಸುಟ್ಟವರು ಇದಕ್ಕಿಂತ ಕೆಟ್ಟದಾಗಬಹುದಿತ್ತು ಎನ್ನುತ್ತಾರೆ. ಗೊಣಗುವುದಿದ್ದರೆ ಮಳೆಯ ಬಗ್ಗೆ ಗೊಣಗಬಹುದು, ಅದರಿಂದ ಯಾರಿಗೂ ತೊಂದರೆಯಿಲ್ಲ. ಗ್ಲೆನಿಸಳ ಗಂಡ ಎದೆನೋವನ್ನು ಮೂರು ದಿನ ಅಜೀರ್ಣವೆಂದು ಕರೆದು, ನಾಲ್ಕನೆಯ ದಿನ ಆಂಬುಲೆನ್ಸಿನವರ ಬಳಿ ನಿಮಗೆ ಸುಮ್ಮನೆ ತೊಂದರೆಯಾಯಿತು ಎಂದು ಕ್ಷಮೆ ಕೇಳಿ, ಸತ್ತ. ಅವನ ಶವಸಂಸ್ಕಾರದಲ್ಲಿ ಎಲ್ಲರೂ ಅದನ್ನು ಹೊಗಳಿದರು.

ರುಖ್ಸಾನಾ ಬಿಡಲಿಲ್ಲ. ನವೆಂಬರ್ ಇಪ್ಪತ್ತೊಂಬತ್ತರಂದು ಗ್ಲೆನಿಸ್ ಅರ್ಧ ದಿನ ತಪ್ಪಿಸಿ ಬಡಾವಣೆಯ ಡಾಕ್ಟರ ಹತ್ತಿರ ಹೋದಳು. ಅರ್ಧ ದಿನ ತಪ್ಪಿಸಿದರೆ ಹೆಸರಿನ ಮುಂದೆ ದಂಡದ ಒಂದು ಪಾಯಿಂಟು. ಜುಲೈ ನಾಲ್ಕರಂದು ಬಸ್ಸು ಕೆಟ್ಟು ತಡವಾಗಿ ಬಂದದ್ದಕ್ಕೆ ಒಂದು ಆಗಲೇ ಬಿದ್ದಿತ್ತು. ಆರು ತಿಂಗಳಲ್ಲಿ ಮೂರು ಬಿದ್ದರೆ ಏಜೆನ್ಸಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ನಾಳೆ ಬಾ ಎಂಬ ಮೆಸೇಜು ಬರುವುದು ನಿಲ್ಲುತ್ತದೆ, ಅಷ್ಟೆ.

ಡಾಕ್ಟರು ಹುಡುಗ ಪ್ರಾಯದವನು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಹೊರಗೆ ಇಪ್ಪತ್ತು ಜನ. ಹೇಗಿದ್ದೀರಿ ಎಂದ. ಪರವಾಗಿಲ್ಲ ಎಂದಳು. ಆದರೂ ಅವನು ಬಿಡದೆ ಕೇಳಿ, ತೂಕ ನೋಡಿ, ಕೀಲಿಮಣೆ ಕುಟ್ಟಿದ.

"ತುರ್ತು ಅಂತ ಬರೆದು ಆಸ್ಪತ್ರೆಗೆ ಕಳಿಸ್ತೀನಿ. ಎರಡು ವಾರದೊಳಗೆ ಗಂಟಲಿಂದ ಕ್ಯಾಮೆರಾ ಇಳಿಸಿ ನೋಡ್ತಾರೆ. ಗಾಬರಿ ಬೇಡ. ಹೀಗೆ ಕಳಿಸಿದೋರಲ್ಲಿ ಬಹಳಷ್ಟು ಜನಕ್ಕೆ ಏನೂ ಇರಲ್ಲ. ದೊಡ್ಡದೇನೂ ಇಲ್ಲ ಅಂತ ಖಚಿತ ಮಾಡ್ಕೊಳ್ಳೋಕೆ."

ಮಡಿಚಿದ ಕರಪತ್ರವೊಂದನ್ನು ಕೊಟ್ಟ, ಓದಿ ಎಂದ, ಫೋನು ಹತ್ತಿರ ಇಟ್ಟುಕೊಳ್ಳಿ ಎಂದ. ಒಂದು ಪದವನ್ನು ಮಾತ್ರ ಅವನು ಬಾಯಿಬಿಟ್ಟು ಹೇಳಲಿಲ್ಲ. ಹೆದರಿಸಬಾರದೆಂಬ ಒಳ್ಳೆಯತನವೇ ಇರಬೇಕು. ಗ್ಲೆನಿಸ್ ಎರಡು ಸಲ ಥ್ಯಾಂಕ್ಸ್ ಹೇಳಿ, ಒಂದು ಸಲ ಕ್ಷಮೆ ಕೇಳಿ ಎದ್ದಳು. ಅವಳು ಮನೆಗೆ ಕೊಂಡೊಯ್ದದ್ದು ಗಾಬರಿ ಬೇಡ, ಏನೂ ಇರಲ್ಲ ಎಂಬ ಎರಡು ಮಾತು. ಕರಪತ್ರ ಕೈಚೀಲದ ಪಕ್ಕದ ಜೇಬಿಗೆ ಸೇರಿತು.

ಫೋನು ಹತ್ತಿರ ಇಟ್ಟುಕೊಳ್ಳುವುದು ಸುಲಭವಿರಲಿಲ್ಲ. ಲೈನಿನ ಬಳಿ ಫೋನು ತರುವ ಹಾಗಿಲ್ಲ. ಶುಚಿತ್ವದ ಕಾರಣಕ್ಕೆ ಲಾಕರಿನಲ್ಲಿಟ್ಟು ಬೀಗ ಹಾಕಬೇಕು. ಆಸ್ಪತ್ರೆಯವರು ಮೂರು ಸಲ ಲಾಕರಿಗೆ ಫೋನು ಮಾಡಿದರು. ಕಡೆಗೆ ಗ್ಲೆನಿಸಳೇ ಚಹಾದ ಬಿಡುವಿನಲ್ಲಿ ಮಾಡಿ, ಹದಿನಾಲ್ಕು ನಿಮಿಷ ಪಿಟೀಲು ಸಂಗೀತ ಕೇಳಿ, ಡಿಸೆಂಬರ್ ಹನ್ನೆರಡು, ಬೆಳಿಗ್ಗೆ ಹತ್ತೂ ಇಪ್ಪತ್ತು ಎಂದು ಕೈ ಮೇಲೆ ಬರೆದುಕೊಂಡಳು.

ಅದನ್ನು ಲೈನಿನ ಮೇಸ್ತ್ರಿ ಬ್ರೆಂಡನ್‌ಗೆ ಹೇಳಬೇಕಾಯಿತು. ಬ್ರೆಂಡನ್ ಕೆಟ್ಟವನಲ್ಲ. ಕೆಟ್ಟವನಾಗುವಷ್ಟು ಅಧಿಕಾರ ಅವನಿಗಿರಲಿಲ್ಲ.

"ಖಂಡಿತ ಹೋಗಿ ಗ್ಲೆನಿಸ್. ಆರೋಗ್ಯ ಮೊದಲು. ಬ್ರೆಂಡನ್ ಬೇಡ ಅಂದ ಅಂತ ಮಾತ್ರ ಆಗಬಾರ್ದು ನೋಡಿ."

"ಪಾಯಿಂಟು?"

"ಅದು ನಾನು ಹಾಕೋದಲ್ಲ, ಸಿಸ್ಟಮ್ ಹಾಕುತ್ತೆ." ಅವನು ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ತಾನು ಸಾಕಿದ ನಾಯಿಯಲ್ಲ ಎಂಬಂತೆ ತೋರಿಸಿದ. "ಜುಲೈದು ಜನವರಿ ನಾಲ್ಕಕ್ಕೆ ಅಳಿಸಿ ಹೋಗುತ್ತೆ. ಆಮೇಲೆ ಹೋದ್ರೆ ನಿಮಗೇ ಒಳ್ಳೇದು. ಕ್ರಿಸ್ಮಸ್ಸಿನ ಟರ್ಕಿ ಕೋಳಿ ಸ್ಯಾಂಡ್‌ವಿಚ್ಚಿನ ಗಲಾಟೆನೂ ಮುಗಿದಿರುತ್ತೆ. ಡಾಕ್ಟ್ರೇ ಗಾಬರಿ ಬೇಡ ಅಂದಿದಾರಲ್ಲ. ನಿಮ್ಮಿಷ್ಟ, ನಾನೇನೂ ಹೇಳಲ್ಲ."

ಮಾರನೆಯ ದಿನ ಗ್ಲೆನಿಸ್ ಸಿಗರೇಟು ಸೇದುವವರ ಚಪ್ಪರದಡಿ ನಿಂತು ಮತ್ತೆ ಆಸ್ಪತ್ರೆಗೆ ಫೋನು ಮಾಡಿದಳು. ಆ ಕಡೆಯಿಂದ ಹೆಂಗಸಿನ ದನಿ. ದಿನ ಮುಂದಕ್ಕೆ ಹಾಕಲು ಸಾಧ್ಯವೇ ಎಂದು ಕೇಳಿದೊಡನೆ ಅದು ತಡೆಯಿತು.

"ಇದು ತುರ್ತು ಪಟ್ಟಿದು, ಚಿನ್ನಾ. ನಿಜವಾಗ್ಲೂ ಬಿಡ್ತೀರಾ?"

ಯಾಕೆ ತುರ್ತು ಎಂದು ಹೇಳುವ ಅಧಿಕಾರ ಆ ಗುಮಾಸ್ತೆಗಿರಲಿಲ್ಲ. ಯಾಕೆ ಬಿಡುತ್ತಿದ್ದೇನೆ ಎಂದು ಹೇಳುವ ಅಭ್ಯಾಸ ಗ್ಲೆನಿಸ್‌ಗಿರಲಿಲ್ಲ. ತುರ್ತು ಎಂಬ ಪದ ಕೇಳಿ ಅವಳಿಗೆ ನಾಚಿಕೆಯೇ ಆಯಿತು. ಯಾರೋ ನಿಜವಾದ ಕಾಯಿಲೆಯವರ ಮುಂದೆ ಸಾಲು ಮುರಿದು ನುಗ್ಗಿದ ಹಾಗೆ.

"ನಂಗೇನೂ ಅಂಥಾದ್ದಿಲ್ಲಮ್ಮ. ನನಗಿಂತ ಹೆಚ್ಚು ಅಗತ್ಯ ಇರೋರಿಗೆ ಕೊಡಿ."

ಗುಮಾಸ್ತೆಯ ಪರದೆಯ ಮೇಲೆ ಮೂರು ಕಾರಣಗಳಿದ್ದವು: ರೋಗಿ ಮೃತ, ರೋಗಿ ಊರು ಬಿಟ್ಟಿದ್ದಾರೆ, ರೋಗಿಯ ಆಯ್ಕೆ. ಅವಳು ಮೂರನೆಯದನ್ನು ಒತ್ತಿದಳು. ಮುಂದಿನ ದಿನ ಸಿಕ್ಕಿದ್ದು ಜನವರಿ ಇಪ್ಪತ್ಮೂರು.

ಹನ್ನೆರಡನೇ ತಾರೀಕು ಹತ್ತೂ ಇಪ್ಪತ್ತಕ್ಕೆ ಗ್ಲೆನಿಸ್ ಬೆಣ್ಣೆ ಸವರುತ್ತಾ ಗಡಿಯಾರ ನೋಡಿದಳು. ತನ್ನ ಜಾಗದಲ್ಲಿ ಯಾರೋ ಬಿಳಿಚಿಕೊಂಡ ಮುದುಕ ಕೂತಿರಬಹುದು, ಹೆಂಡತಿ ಅವನ ಕೋಟು ಹಿಡಿದುಕೊಂಡಿರಬಹುದು ಎಂದುಕೊಂಡಳು. ಮನಸ್ಸಿಗೆ ಹಿತವಾಯಿತು.

ಡಿಸೆಂಬರ್ ಇಪ್ಪತ್ತಕ್ಕೆ, ಊಟದ ಬಿಡುವಿನಲ್ಲಿ, ಕಂಪನಿ ಕ್ರಿಸ್ಮಸ್ಸಿಗೆಂದು ಎಲ್ಲರಿಗೂ ಒಣದ್ರಾಕ್ಷಿ ತುಂಬಿದ ತಲಾ ಒಂದು ಮಿನ್ಸ್ ಪೈ ಹಂಚಿತು. ಬ್ರೆಂಡನ್ ಕಾಗದದ ಟೋಪಿ ಹಾಕಿಕೊಂಡು ತಾನೇ ತಟ್ಟೆ ಹಿಡಿದು ಬಂದ. ಬೇಡವೆಂದರೆ ಚೆನ್ನಾಗಿರುವುದಿಲ್ಲ. ಗ್ಲೆನಿಸ್ ಒಂದು ಚೂರು ಕಚ್ಚಿದಳು. ಅದು ಎದೆಯಲ್ಲಿ ನಿಂತಿತು, ಕೆಳಗೂ ಹೋಗಲಿಲ್ಲ, ಮೇಲಕ್ಕೂ ಬರಲಿಲ್ಲ. ಅವಳು ಬಚ್ಚಲಿಗೆ ಓಡಿದಳು. ಬಾಯೊರೆಸಲು ಕಾಗದ ಹುಡುಕುತ್ತಾ ರುಖ್ಸಾನಾ ಅವಳ ಕೈಚೀಲಕ್ಕೆ ಕೈ ಹಾಕಿದಳು, ಕರಪತ್ರ ಸಿಕ್ಕಿತು.

ಮೊದಲ ಸಾಲು ದಪ್ಪಕ್ಷರದಲ್ಲಿತ್ತು. ನಿಮಗೆ ಕ್ಯಾನ್ಸರ್ ಇರಬಹುದೇ ಎಂದು ತಿಳಿಯಲು ನಿಮ್ಮನ್ನು ತುರ್ತಾಗಿ ತಜ್ಞರ ಬಳಿ ಕಳುಹಿಸಲಾಗುತ್ತಿದೆ. ದಯವಿಟ್ಟು ಈ ಭೇಟಿಯನ್ನು ತಪ್ಪಿಸಬೇಡಿ.

ಬಚ್ಚಲಿನ ಬಾಗಿಲಲ್ಲೇ ರುಖ್ಸಾನಾ ಕೇಳಿದಳು. "ಇದನ್ನ ಓದಿದೀಯಾ?"

"ಕನ್ನಡಕ ಮನೇಲಿತ್ತು."

"ಮೂರು ವಾರದಿಂದಾನಾ?"

ರುಖ್ಸಾನಾ ತನ್ನ ಕನ್ನಡಕ ತೆಗೆದುಕೊಟ್ಟಳು. ಗ್ಲೆನಿಸ್ ಓದಿದಳು. ಮತ್ತೊಮ್ಮೆ ಓದಿದಳು.

"ಡಾಕ್ಟ್ರು ಏನೂ ಇರಲ್ಲ ಅಂದ್ರು."

"ಬಹಳಷ್ಟು ಜನಕ್ಕೆ ಅಂದಿರ್ತಾರೆ. ಮಿಕ್ಕೋರು ಇದಾರಲ್ಲ, ಅವರಿಗೋಸ್ಕರಾನೇ ಕಣೇ ಈ ಪಟ್ಟಿ ಇರೋದು."

ಗ್ಲೆನಿಸ್ ಕರಪತ್ರವನ್ನು ಅದೇ ಮಡಿಕೆಗಳಲ್ಲಿ ಮಡಿಚಿದಳು. "ನಾನು ಅದನ್ನ ಬೇರೆಯೋರಿಗೆ ಕೊಟ್ಬಿಟ್ಟೆ, ರುಖ್ಸಾನಾ."

ಆಸ್ಪತ್ರೆಗೆ ಈ ಸಲ ರುಖ್ಸಾನಾಳೇ ಫೋನು ಮಾಡಿದಳು. ಮುಂಚಿನ ದಿನ ಯಾವುದೂ ಖಾಲಿಯಿಲ್ಲವೆಂದರು. ಯಾರಾದರೂ ಬಿಟ್ಟರೆ ಒಂದು ಸಲ ಫೋನು ಮಾಡುತ್ತೇವೆ, ಎತ್ತದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದರು.

ಮಾರನೆಯ ಬೆಳಿಗ್ಗೆ ಎರಡನೇ ಲೈನಿನ ಮೇಲಿನ ಗೂಡಿನಲ್ಲಿ ಗ್ಲೆನಿಸಳ ಫೋನು ಇತ್ತು. ಮುಕ್ಕೋನದ ಸ್ಯಾಂಡ್‌ವಿಚ್ ಡಬ್ಬಿಯೊಳಗೆ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮೊಹರು ಒತ್ತಿ. ಬ್ರೆಂಡನ್ ಹತ್ತು ನಿಮಿಷದೊಳಗೆ ಬಂದ. ಶುಚಿತ್ವದ ನಿಯಮ ಹೇಳಿದ.

"ಪ್ಯಾಕ್ ಮಾಡಿದೀವಿ ನೋಡು," ಎಂದಳು ರುಖ್ಸಾನಾ. "ತಾರೀಕು ಹಾಕಿದೀವಿ. ನೀನು ಹೊರಗೆ ಕಳಿಸೋ ಕೋಳಿಗಿಂತ ಇದು ಶುಚಿಯಾಗಿದೆ."

"ಅದು ನನ್ನ ಕೈಲಿಲ್ಲ, ರುಖ್ಸಾನಾ."

"ಹಾಗಾದ್ರೆ ಕೈ ಕೆಳಗಿಡು."

ಅವನು ಗೂಡಿಗೆ ಕೈ ಚಾಚಿದ. ರುಖ್ಸಾನಾ ಟೊಮೇಟೊ ಇಡುವುದನ್ನು ನಿಲ್ಲಿಸಿದಳು. ಅವಳ ಪಕ್ಕದ ಸೌತೆಕಾಯಿಯವಳು ನಿಲ್ಲಿಸಿದಳು. ಆಮೇಲೆ ಟರ್ಕಿ ಮಾಂಸ ಇಡುವವರಿಬ್ಬರು, ಮುಚ್ಚುವವರು, ಕತ್ತರಿಸುವವಳು. ಹನ್ನೊಂದು ಜೊತೆ ಕೈಗಳು ಎದೆಯ ಮೇಲೆ ಕಟ್ಟಿಕೊಂಡವು. ಬೆಲ್ಟು ಮಾತ್ರ ನಿಲ್ಲಲಿಲ್ಲ. ಗ್ಲೆನಿಸ್ ಒಬ್ಬಳೇ ಸವರುತ್ತಿದ್ದ ಬರಿಯ ಬೆಣ್ಣೆಬ್ರೆಡ್ಡು ಸಾಲಾಗಿ ಸಾಗಿ ಕೊನೆಯಲ್ಲಿ ನೆಲಕ್ಕೆ ಬೀಳತೊಡಗಿತು.

ಎಲ್ಲರೂ ತನಗಾಗಿ ನಿಂತಿದ್ದಾರೆ ಎಂಬುದು ಗ್ಲೆನಿಸ್‌ಗೆ ಗಂಟಲಿಗಿಂತ ಹೆಚ್ಚು ಹಿಂಸೆ ಕೊಟ್ಟಿತು. ಬಿಡಿ, ನನ್ನಿಂದ ಯಾಕೆ ಇಷ್ಟೆಲ್ಲ ಎನ್ನಲು ಬಾಯಿ ತೆರೆದಳು. ಬಾಯಿಗೆ ಬಂದದ್ದು ಬೇರೆ.

"ಫೋನು ಅಲ್ಲೇ ಇರ್ಲಿ, ಬ್ರೆಂಡನ್. ನಂಗೆ ಅದು ಬೇಕು."

ಒಂಬತ್ತು ನಿಮಿಷ. ಬ್ರೆಂಡನ್ ಮೇಲಿನ ಕಚೇರಿಗೆ ಮಾತಾಡಿದ, ನೆಲದ ಮೇಲಿನ ಬ್ರೆಡ್ಡು ನೋಡಿದ, ಮತ್ತೆ ಮಾತಾಡಿದ. ಫೋನು ಅಲ್ಲೇ ಉಳಿಯಿತು. ಕೈ ಕಟ್ಟಿದ ಹನ್ನೊಂದು ಜನರಿಗೂ ಒಂದೊಂದು ಪಾಯಿಂಟು ಬಿತ್ತು.

ಡಿಸೆಂಬರ್ ಇಪ್ಪತ್ತೆಂಟರಂದು ಡಬ್ಬಿಯೊಳಗೆ ಫೋನು ನಡುಗಿತು. ಯಾರೋ ತಮ್ಮ ದಿನ ಬಿಟ್ಟುಕೊಟ್ಟಿದ್ದರು. ಯಾಕೆ ಬಿಟ್ಟರೋ, ಯಾವ ಮೇಸ್ತ್ರಿ ಏನು ಹೇಳಿದ್ದನೋ, ಗ್ಲೆನಿಸ್ ಕೇಳಲಿಲ್ಲ. ಮಾರನೆಯ ದಿನ ಅವಳು, ರುಖ್ಸಾನಾ ಇಬ್ಬರೂ ಆಸ್ಪತ್ರೆಗೆ ಹೋದರು. ಗ್ಲೆನಿಸ್‌ಗೆ ಮೂರನೆಯ ಪಾಯಿಂಟು ಬಿತ್ತು. ಅಂದಿನಿಂದ ಏಜೆನ್ಸಿಯ ಮೆಸೇಜು ಬರಲಿಲ್ಲ.

ಅನ್ನನಾಳದ ಕ್ಯಾನ್ಸರ್. ಪಿತ್ತಜನಕಾಂಗಕ್ಕೆ ಹರಡಿತ್ತು, ಕೊಯ್ದು ತೆಗೆಯುವ ಹಾಗಿರಲಿಲ್ಲ. ಹನ್ನೆರಡನೇ ತಾರೀಕಿಗೇ ಬಂದಿದ್ದರೆ ಎಂದು ರುಖ್ಸಾನಾ ಕೇಳಿದಳು. ತಜ್ಞೆ ಪ್ರಾಮಾಣಿಕಳು, ಅದನ್ನು ಈಗ ಯಾರೂ ಹೇಳಲಾರರು ಎಂದಳು.

ರುಖ್ಸಾನಾ ಎರಡು ದೂರು ಬರೆದಳು. ಮೊದಲ ದಿನಾಂಕವನ್ನು ಎರಡು ವಾರದೊಳಗೇ ನೀಡಲಾಗಿತ್ತು, ವಿಳಂಬ ರೋಗಿಯ ಆಯ್ಕೆ ಎಂದು ಆಸ್ಪತ್ರೆ ಉತ್ತರಿಸಿತು. ರಜೆಯನ್ನು ಯಾವ ಹಂತದಲ್ಲೂ ನಿರಾಕರಿಸಿಲ್ಲ ಎಂದು ಕಂಪನಿ ಉತ್ತರಿಸಿತು. ಎರಡೂ ನಿಜ.

ಗ್ಲೆನಿಸ್ ಮೇ ಒಂಬತ್ತರಂದು ಸತ್ತಳು.