ಆಶಾ ಅಲ್ಲ, ನತಾಶಾ

ಚಮಚದ ಅಂಚಿನಲ್ಲಿ ಕಿತ್ತಳೆ ಬಣ್ಣದ ಒಂದು ಹನಿ ಇಳಿಯಲೋ ಬೇಡವೋ ಎಂದು ತೂಗಾಡುತ್ತಿದೆ, ಇಳಿದರೆ ರೋಸಿಯ ಎದೆಯ ಮೇಲಿನ ಟವೆಲಿಗೆ ಬೀಳುತ್ತದೆ, ಬೀಳಲಿ, ನತಾಲಿಯಾಳ ಕೈ ಸೋತಿದೆ, ಬೆಳಗಿನ ಆರೂವರೆಯಿಂದ ಈ ವೃದ್ಧಾಶ್ರಮದ ಒಂಬತ್ತು ಮಂದಿ ಮುದುಕರನ್ನು ಎಬ್ಬಿಸಿ ತೊಳೆದು ಉಡಿಸಿ ಕೂರಿಸಿದ ಕೈ ಅದು, ಇನ್ನೆಷ್ಟು ಹೊತ್ತು ಗಾಳಿಯಲ್ಲಿ ನಿಂತೀತು, ತಟ್ಟೆಯಲ್ಲಿ ಕ್ಯಾರೆಟ್ ಮಲಗಿದೆ, ಬೇಯಿಸಿ ನುಣ್ಣಗೆ ಅರೆದು ಮತ್ತೆ ಕ್ಯಾರೆಟ್ಟಿನದೇ ಅಚ್ಚಿಗೆ ಹೊಯ್ದು ತೆಗೆದ ಕ್ಯಾರೆಟ್, ಪಕ್ಕದಲ್ಲಿ ಕೋಳಿಯನ್ನು ಅರೆದು ಮಾಡಿದ ಕೋಳಿಕಾಲು, ಅಗಿಯಲಾರದವರಿಗೂ ತಾವು ತಿನ್ನುವುದು ಏನೆಂದು ಕಣ್ಣಿಗಾದರೂ ಗೊತ್ತಾಗಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದು, ಕ್ಯಾರೆಟ್ಟಿನ ಚೂಪು ತುದಿಯನ್ನು ಚಮಚದಲ್ಲಿ ಕತ್ತರಿಸಿಕೊಂಡು ಇಪ್ಪತ್ತು ನಿಮಿಷವಾಯಿತು, ಓಪನ್ ರೋಸಿ, ಜಸ್ಟ್ ಒನ್ ಸ್ಪೂನ್ ಡಾರ್ಲಿಂಗ್, ರೋಸಿಯ ತುಟಿಗಳು ಹೊಲಿದ ಗೋಣಿಯ ಬಾಯಿಯ ಹಾಗೆ ಬಿಗಿದುಕೊಂಡಿವೆ, ಕಣ್ಣು ಕಿಟಕಿಯ ಕಡೆ, ಕಿಟಕಿಯಾಚೆ ಕ್ಲೈಡ್ ನಾರ್ತ್ ಬಡಾವಣೆಯ ಒಂದೇ ಬಣ್ಣದ ಸೂರುಗಳು, ಹೋದ ವರ್ಷ ದನ ಮೇಯುತ್ತಿದ್ದಲ್ಲೂ ಈಗ ಸೂರುಗಳು, ಇಂದಿಗೆ ಮೂರು ದಿನ, ಮೂರು ದಿನದಿಂದ ರೋಸಿ ಏನನ್ನೂ ತಿಂದಿಲ್ಲ, ಚಾರ್ಟಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಎರಡು ಗಂಟೆಗೆ ಫೋನಿನಲ್ಲಿ ಮೀಟಿಂಗ್, ಈ ಕಡೆ ಡಾಕ್ಟರ್, ಆ ಕಡೆ ಸಿಡ್ನಿಯಿಂದ ರೋಸಿಯ ಮಗಳು, ಮಧ್ಯಾಹ್ನದ ಊಟವೂ ಸೊನ್ನೆಯಾದರೆ ಇನ್ನು ತಟ್ಟೆ ತರುವುದು ಬೇಡ, ತುಟಿಗೆ ಒದ್ದೆ ಹತ್ತಿ ಮುಟ್ಟಿಸುತ್ತಾ ಇರೋಣ, ಅಮ್ಮ ತಾನೇ ಬೇಡವೆಂದು ತೀರ್ಮಾನಿಸಿದ್ದಾಳೆ, ಅವಳ ಇಷ್ಟಕ್ಕೆ ಬಿಡೋಣ — ಮಗಳು ನಿನ್ನೆ ಹೇಳಿದ್ದರಲ್ಲಿ ತಪ್ಪೇನಿಲ್ಲ, ಒರಟು ಹೆಂಗಸೂ ಅಲ್ಲ, ಅಳುತ್ತಲೇ ಹೇಳಿದ್ದು, ಆದರೆ ರೋಸಿ ಬೇಡ ಎಂದದ್ದು ಯಾವ ಭಾಷೆಯಲ್ಲಿ, ಯಾರಿಗೆ, ಅದನ್ನು ಕೇಳಿದವರು ಯಾರು.

ಯಾಕ ಬೇ, ಇನ್ನೂ ಒಂದ್ ತುತ್ತೂ ಒಳಗ ಹೋಗಿಲ್ಲೇನ, ಬಾಗಿಲಲ್ಲಿ ಮಹಾಶ್ವೇತಾ, ಧಾರವಾಡದವಳು, ಇದೇ ಮಹಡಿಯ ಇನ್ನೊಬ್ಬ ಕೇರರ್, ಎದೆಗವಚಿದ ಚಾರ್ಟಿನ ಹಲಗೆಯನ್ನು ಪೆನ್ನಿನಿಂದ ಬಡಿಯುತ್ತಾಳೆ, ನಾಡದ್ದ ಸಿಡ್ನಿ ಹಾದಿ ಹಿಡಿಯಾಕಿ ನೀ, ಇವತ್ತ ಕಡೀ ಶಿಫ್ಟು, ಕೇಕ್ ತಿಂದು ಮನಿಗೆ ಹೋಗೂದ ಬಿಟ್ಟು ಇಲ್ಲಿ ಯಾಕ ಜೀವಾ ತೇಯಾಕತ್ತಿ, ಸ್ವಲ್ಪ ನಿಲ್ಲು ಮಾರಾಯ್ತಿ, ಎಂದಳು ನತಾಲಿಯಾ, ಇನ್ನೊಂದು ಹತ್ತು ನಿಮಿಷ ಕೊಡು, ನಾನೇ ಹೇಳ್ತೇನೆ ಏನು ಬರೆಯುವುದಂತ, ಅಯ್ಯ ಶಿವನ, ಹೇಳ್ತೇನೆ ಬರೆಯುವುದು, ನಿಮ್ಮ ಮಂಗ್ಳೂರ್ ಕನ್ನಡ ಕೇಳಿದ್ರ ಪರೀಕ್ಷಾಕ ಕುಂತಂಗಾಗತೈತಿ ನನಗ, ಮಹಾಶ್ವೇತಾ ನಗುತ್ತಾ ಮುಂದಿನ ರೂಮಿಗೆ ಹೋದಳು, ಜೇಬಿನಲ್ಲಿ ಫೋನು ಗುರ್ರೆಂದಿತು, ಗಂಡ ಜೋಯ್ಸನ್ ಇರಬೇಕು, ಸಾಮಾನು ಸಾಗಿಸುವ ಮೂವರ್ಸ್ ಶನಿವಾರ ಏಳಕ್ಕೇ ಬರ್ತಾರಂತೆ, ಫ್ರಿಡ್ಜ್ ಖಾಲಿ ಮಾಡಿದ್ಯಾ, ಕ್ರಿಸ್ಟಲ್‌ಳ ಶೂ ಯಾವ ಬಾಕ್ಸಲ್ಲಿ ಹಾಕಿದ್ದಿ ನ್ಯಾಟ್, ಅವನಿಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ, ಹದಿನೇಳನೇ ಮಹಡಿ, ಕಿಟಕಿಯಿಂದ ನೀರು ಕಾಣುತ್ತದಂತೆ, ಅವಳಿಗೆ ಅಲ್ಲೂ ಇದೇ ಕೆಲಸ ಸಿಗುತ್ತದೆ, ಮುದುಕರಿಲ್ಲದ ಊರಿಲ್ಲ, ಕಜಾನಿನಿಂದ ತಂದ ಡಾಕ್ಟರ್ ಸರ್ಟಿಫಿಕೇಟು ಮದುವೆಯ ಸೀರೆಗಳ ನಡುವೆ ಮಡಚಿಕೊಂಡು ಮತ್ತೊಂದು ಊರು ನೋಡುತ್ತದೆ, ಎರಡು ಸಲ ಇಲ್ಲಿನ ಪರೀಕ್ಷೆ ಬರೆದಳು, ಎರಡು ಸಲವೂ ಇಲ್ಲ, ಮೂರನೆಯ ಸಲಕ್ಕೆ ಓದುತ್ತಿದ್ದೇನೆ ಎಂದು ಊರಿಗೆ ಹೇಳುತ್ತಾಳೆ, ಓದುತ್ತಿಲ್ಲ, ಒಂದು ಸುತ್ತು ನಿದ್ದೆ ಸಿಕ್ಕಿದರೆ ಸಾಕು ಎಂಬಂತಾಗಿದೆ, ಈಗ ಈ ಕುರ್ಚಿಯಲ್ಲೇ ಕಣ್ಣು ಮುಚ್ಚಿದರೆ ಸಾಯಂಕಾಲದವರೆಗೆ — ಆದರೆ ಬೆಳಿಗ್ಗೆ ತಲೆ ಬಾಚುವಾಗ ರೋಸಿ ಒಂದು ಮಾತು ಹೇಳಿದಳು.

ಬಾಲಮ್, ಎಂದಳು. ಜಡೆಯ ಸಿಕ್ಕು ಎಳೆದು ನೋವಾಗಿರಬೇಕು, ಕನ್ನಡಿಯಲ್ಲಿ ನತಾಲಿಯಾಳನ್ನು ನೋಡಿ, ಆಯ್ ಬಾಲಮ್, ಎಂದಳು, ಬಾಚಣಿಗೆ ಅಲ್ಲೇ ನಿಂತಿತು, ಎಲ್ಲಿ ಕೇಳಿದ್ದೆ ಇದನ್ನು, ಯಾವ ಚಳಿಯಲ್ಲಿ, ಯಾವ ಬಾಗಿಲಲ್ಲಿ — ಫೈಲಿನಲ್ಲಿ ಬರೆದಿರುವುದು ರಷ್ಯನ್, ಮಗಳು ಹೇಳಿದ್ದೂ ರಷ್ಯನ್, ಮಂಚದ ತಲೆಗೆ ಅಂಟಿಸಿದ ಚೀಟಿಗಳೂ ರಷ್ಯನ್, ನೋವು, ನೀರು, ಶೌಚ, ಅದನ್ನು ಅಂಟಿಸಿದವಳು ನತಾಲಿಯಾಳೇ, ಕಜಾನಿನ ಆರು ವರ್ಷದಲ್ಲಿ ಕಲಿತ ಭಾಷೆ ಇಷ್ಟಕ್ಕಾದರೂ ಆಯಿತಲ್ಲ ಎಂದು, ಈ ಮೂರು ದಿನ ಅದರಲ್ಲೂ ಬೇಡಿಕೊಂಡಿದ್ದಾಳೆ, ತಿನ್ನಿ, ಸ್ವಲ್ಪ ತಿನ್ನಿ, ಮರೆವಿನಲ್ಲಿ ರೋಸಿಯ ಇಂಗ್ಲಿಷ್ ಹೋದ ವರ್ಷವೇ ಉದುರಿಹೋಯಿತು, ಅದರ ಕೆಳಗೆ ರಷ್ಯನ್ ಇರಬೇಕು ಎಂದು ಎಲ್ಲರೂ ಅಂದುಕೊಂಡರು, ರಷ್ಯನ್ನೂ ಉದುರಿದ ಮೇಲೆ ಅದರ ಕೆಳಗೆ ಏನಿದ್ದೀತು ಎಂದು ಯಾರೂ ಕೇಳಲಿಲ್ಲ, ಫೈಲಿನ ಮೊದಲ ಪುಟದಲ್ಲಿ ಪೂರ್ತಿ ಹೆಸರು ಇದೆ, ರಾಜಿಯಾ, ರಷ್ಯನ್ನರ ಹೆಸರಲ್ಲ ಅದು, ಹುಟ್ಟಿದ್ದು ಹಾರ್ಬಿನ್, ಚೀನಾ, ಆರು ತಿಂಗಳಿಂದ ಅದರ ಮೇಲೇ ಬೆರಳಿಟ್ಟು ಪುಟ ತಿರುವಿದ್ದಾಳೆ, ಎಲ್ಲರೂ ರೋಸಿ ಎಂದರೆ ನತಾಲಿಯಾಳಿಗೂ ರೋಸಿಯೇ, ಅವಳ ಊರಿನ ಇಗರ್ಜಿಯಲ್ಲಿ ಪ್ರತಿ ಎರಡನೇ ಬೆಂಚಿಗೊಬ್ಬಳು ರೋಸಿ ಬಾಯಿ ಇದ್ದಾಳಲ್ಲ, ಮನಸ್ಸು ಅಲ್ಲಿಗೇ ಹೋಗಿ ಕೂತುಬಿಟ್ಟಿತು, ಹೆಸರಿನ ವಿಷಯದಲ್ಲಿ ಅವಳು ಮೋಸಹೋದದ್ದು ಇದು ಎರಡನೆಯ ಸಲ, ಮೊದಲನೆಯದು — ಬೇಡ, ಅದು ಬೇಡ, ತಟ್ಟೆ ಹಿಂದೆ ಸರಿಯುವ ಸದ್ದು, ಮೇಜಿನ ಪ್ಲಾಸ್ಟಿಕ್ ಹಾಸಿನ ಮೇಲೆ ಪಿಂಗಾಣಿ ತಟ್ಟೆ ಸರಿಯುವ ಆ ಸಣ್ಣ ಸದ್ದು.

ಹನ್ನೊಂದು ವರ್ಷವಾಯಿತು, ಮೂರನೆಯ ವರ್ಷದ ಚಳಿಗಾಲದ ರಜೆ, ಹಾಸ್ಟೆಲಿನ ಗೆಳತಿ ಅಲ್ಸು ನಮ್ಮೂರಿಗೆ ಬಾ ಎಂದಳು, ಸಣ್ಣ ಊರು, ನೋಡಲಿಕ್ಕೆ ಏನೂ ಇಲ್ಲ, ಆದರೆ ಅಬೀ ಇದ್ದಾಳೆ, ಅಬೀ ಎಂದರೆ ರಷ್ಯನ್ ಅಲ್ಲದ ಅವರ ಮನೆಮಾತಿನಲ್ಲಿ ಅಜ್ಜಿ, ಕಜಾನಿನಿಂದ ವ್ಯಾನಿನಲ್ಲಿ ನಾಲ್ಕು ಗಂಟೆ, ಹೊರಗೆ ಎಲ್ಲವೂ ಬಿಳಿ, ಇಳಿದಾಗ ಮೂಗಿನೊಳಗಿನ ಕೂದಲು ಮುಳ್ಳಿನಂತಾಯಿತು, ಒಂದೇ ಒಂದು ದೊಡ್ಡ ಬೀದಿ, ಹಳೆಯ ವ್ಯಾಪಾರಿಗಳ ಇಟ್ಟಿಗೆ ಮನೆಗಳಲ್ಲಿ ಈಗ ಮೊಬೈಲ್ ಅಂಗಡಿ, ಔಷಧದಂಗಡಿ, ಮರದ ಮನೆಗಳ ಕಿಟಕಿಗೆ ನೀಲಿ ಬಣ್ಣದ ಕೆತ್ತನೆಯ ಚೌಕಟ್ಟು, ಪ್ರತಿ ಬೋರ್ಡಿನಲ್ಲೂ ಎರಡು ಭಾಷೆ, ಬೀದಿಯ ಈ ತುದಿಗೆ ಈರುಳ್ಳಿ ಗುಮ್ಮಟದ ಇಗರ್ಜಿ, ಆ ತುದಿಗೆ ಅಲ್ಸುವಿನವರ ಮಸೀದಿ, ನಡುವೆ ಅದೇ ಬಸ್‌ಸ್ಟಾಪು, ಅದೇ ಬ್ರೆಡ್ಡಿನ ಕ್ಯೂ, ಕೆಳಗೆ ಕಲ್ಲಾಗಿ ಮಲಗಿದ ಕಾಮಾ ನದಿ, ಅದರ ಮೇಲೆ ಬಕೆಟ್ ಬೋರಲು ಹಾಕಿ ಕೂತು ತೂತಿನಲ್ಲಿ ಮೀನು ಹಿಡಿಯುವ ಗಂಡಸರು, ನೇತ್ರಾವತಿಯ ಮೇಲೆ ಹೀಗೆ ನಡೆಯಬಹುದು ಎಂದು ಅಪ್ಪನಿಗೆ ಹೇಳಿದರೆ ನಂಬುತ್ತಾರೆಯೇ, ಇಗರ್ಜಿಯಲ್ಲಿ ಮೇಣದಬತ್ತಿ ಮಾರುವ ರಷ್ಯನ್ ಹೆಂಗಸು ಹೆಸರು ಕೇಳಿದಳು, ನತಾಲಿಯಾ, ಓ ನತಾಶಾ, ಎಂದು ಅವರ ಮುದ್ದುಹೆಸರಿಗೆ ತಿರುಗಿಸಿದಳು, ಅಪ್ಪನ ಹೆಸರು, ಜಾಕೊಬ್, ಹಾಗಾದರೆ ನತಾಲಿಯಾ ಯಾಕೊವ್ಲೆವ್ನಾ, ನಮ್ಮವಳೇ ಆದೆಯಲ್ಲ, ಬಣ್ಣ ಮಾತ್ರ ಬಿಸಿಲಿನದು, ಎಂದು ನಕ್ಕಳು, ನತಾಲಿಯಾ ಶಿಲುಬೆಯ ಗುರುತು ಮಾಡಿಕೊಂಡದ್ದೇ ತಡ ಅದೇ ಹೆಂಗಸು ಅಯ್ಯೋ ಎಂದು ಮಣಿಕಟ್ಟು ಹಿಡಿದು ಕೈಯನ್ನು ಬಲಭುಜಕ್ಕೆ ತಿರುಗಿಸಿದಳು, ಅವರದು ಬಲದಿಂದ ಎಡಕ್ಕೆ, ನಮ್ಮದು ಎಡದಿಂದ ಬಲಕ್ಕೆ, ಹೆಸರು ನಮ್ಮದು ಕೈ ಮಾತ್ರ ಉಲ್ಟಾ ಎಂದು ಅಲ್ಸು ದಾರಿಯುದ್ದಕ್ಕೂ ನಕ್ಕಳು, ಆ ಊರಿನಲ್ಲಿ ಎಲ್ಲರಿಗೂ ಅವಳು ನತಾಶಾ, ಅಂಗಡಿಯವನಿಗೆ, ಪಕ್ಕದ ಮನೆಯವಳಿಗೆ, ನಾಯಿಗೆ ಕೂಡ ಪರಿಚಯ ಮಾಡಿಸಿದ್ದು ನತಾಶಾ ಎಂದೇ, ಅಬೀ ಮಾತ್ರ ಏನೂ ಕರೆಯಲಿಲ್ಲ, ಕೋಟಿನ ಹಿಮ ಕೊಡವಿ, ಕೆನ್ನೆ ಉಜ್ಜಿ, ಬಾಲಮ್ ಬಾಲಮ್ ಎಂದಳು, ನತಾಲಿಯಾ ನಗು ತಡೆಯಲಾರದೆ ಹಿಂದೆ ಕೈಹಾಕಿ ನೋಡಿಕೊಂಡಳು, ನಮ್ಮ ಕನ್ನಡದಲ್ಲಿ ಇದೇನೆಂದು ಗೊತ್ತಾ ಅಲ್ಸು, ಬಾಲ ಎಂದರೆ ನಾಯಿಗಿರುತ್ತಲ್ಲ ಅದು, ಅಲ್ಸು ಹೊಟ್ಟೆ ಹಿಡಿದುಕೊಂಡಳು, ಅಯ್ಯೋ ಹುಚ್ಚಿ, ನನ್ನ ಮಗುವೇ ಎಂದರ್ಥ, ಹೇಳಿ ಒಲೆಗೆ ಸೌದೆ ತರಲು ಅಂಗಳಕ್ಕೆ ಹೋದಳು, ಅಷ್ಟೇ ಹೊತ್ತು, ಒಂದು ಹೊರೆ ಸೌದೆ ತರುವಷ್ಟು ಹೊತ್ತು.

ನೀಲಿ ಹೂವಿನ ತಟ್ಟೆ, ಅದರಲ್ಲಿ ಕುರಿಮಾಂಸ, ಆಲೂಗಡ್ಡೆ ತುಂಬಿದ ಮೂರು ಮೂಲೆಯ ಕಡುಬು, ಊರಲ್ಲಿ ಅಮ್ಮ, ಅವಳ ಮಾಂಯ್, ಕ್ರಿಸ್‌ಮಸ್ಸಿಗೆ ಮಾಡುವ ಸಿಹಿಗಡುಬು ನೆವ್ರ್ಯೊ ಅರ್ಧಚಂದ್ರ, ಇದು ತ್ರಿಕೋನ, ಹಿಟ್ಟಿನ ಅಂಚು ಮಡಚಿದ ಬೆರಳು ಮಾತ್ರ ಎರಡು ಕಡೆಯೂ ಒಂದೇ, ಒಂದು ಮೂಲೆ ಕಚ್ಚಿದಳು, ಬಿಸಿ ರಸ ಗಲ್ಲಕ್ಕೆ ಇಳಿಯಿತು, ಹಿಂದೆಂದೂ ಅಷ್ಟು ರುಚಿಯಾದದ್ದನ್ನು ತಿಂದಿರಲಿಲ್ಲ, ಎದುರಿಗೆ ಕೂತ ಅಬೀ ಮುಖವರಳಿಸಿ, ಆಶಾ, ಎಂದಳು, ಆಶಾ, ಆಶಾ, ಪಾಪ, ನತಾಶಾ ಎಂದದ್ದು ಅರ್ಧ ಮಾತ್ರ ಕೇಳಿಸಿದೆ ಕಿವಿಗೆ, ಮಂಗಳೂರಿನ ಕ್ಲಾಸಿನಲ್ಲೇ ಮೂವರು ಆಶಾಗಳಿದ್ದರು, ಮತ್ತೇನು ಹೊಳೆಯಬೇಕು ಅವಳಿಗೆ, ಕಡುಬನ್ನು ತಟ್ಟೆಯಲ್ಲಿಟ್ಟು, ಕೈ ಒರೆಸಿ, ಎದೆ ಮುಟ್ಟಿಕೊಂಡು, ನ್ಯೆತ್, ನ್ಯೆತ್ ಅಬೀ, ಆಶಾ ಅಲ್ಲ, ನತಾಶಾ, ಅಬೀ ತಟ್ಟೆಯನ್ನು ಇತ್ತ ತಳ್ಳಿದಳು, ಆಶಾ, ಇವಳು ತಲೆಯಲ್ಲಾಡಿಸಿದಳು, ನ್ಯೆತ್, ನಗುನಗುತ್ತಲೇ, ವಿನಯದಿಂದಲೇ, ಮೂರನೆಯ ಸಲವೂ ನ್ಯೆತ್, ಅಬೀಯ ಮುಖದಲ್ಲಿ ಏನೋ ಮುಚ್ಚಿಕೊಂಡಿತು, ಕೈ ಚಾಚಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು, ಮೆಲ್ಲಗೆ, ಪ್ಲಾಸ್ಟಿಕ್ ಹಾಸಿನ ಮೇಲೆ, ನೀಲಿ ಹೂವು, ಮೂರು ಮೂಲೆ, ಕಚ್ಚಿದ ಒಂದು ಮೂಲೆ, ಬಡಿಸಿದ್ದನ್ನು ಯಾಕೆ ತೆಗೆದಳೆಂದು ಇವಳಿಗೂ ಸಣ್ಣಗೆ ಬೇಸರ, ಹಸಿವು ಬೇರೆ, ಅಲ್ಸು ಬಂದ ಮೇಲೂ ಕೇಳಲು ನಾಚಿಕೆ, ಮರುದಿನ ವಾಪಸು ವ್ಯಾನಿನಲ್ಲಿ ಅಲ್ಸುವೇ ಮಾತು ತೆಗೆದಳು, ಅಬೀ ಕೇಳಿದಳು, ನಮ್ಮ ಮನೆಯದು ಅವಳ ದೇವರಿಗೆ ಆಗುವುದಿಲ್ಲವಾ ಅಂತ, ಮೂರು ಸಲ ತಿನ್ನು ಅಂದಳಂತೆ, ನೀನು ಮೂರು ಸಲವೂ ನ್ಯೆತ್, ಬೇಡ ಅಂದೆಯಂತೆ, ಅಲ್ಸು, ಯಾವಾಗ ತಿನ್ನು ಅಂದಳು, ಆಶಾ ಅಂದರೆ ನಮ್ಮಲ್ಲಿ ತಿನ್ನು ಅಂತ, ನತಾಶಾ. ನಾನು ಹೇಳ್ತೀನಿ ಬಿಡು ಅವಳಿಗೆ, ಫೋನ್ ಮಾಡಿ ಹೇಳ್ತೀನಿ, ಹೇಳಿದಳೋ ಇಲ್ಲವೋ, ಬೇಸಿಗೆಯ ರಜೆಗೆ ಹೋಗಿ ಒಂದಲ್ಲ ಹತ್ತು ತಿನ್ನುತ್ತೇನೆ ಎಂದು ನತಾಲಿಯಾ ದಿನ ಎಣಿಸುತ್ತಿದ್ದಳು, ಏಪ್ರಿಲಿನಲ್ಲಿ ನದಿಯ ಹಿಮ ಒಡೆದ ವಾರವೇ ಅಬೀ ತೀರಿಕೊಂಡಳು, ಮತ್ತೆ ಅಲ್ಸುವಿನ ಬಳಿ ಅದನ್ನು ಕೇಳುವ ಧೈರ್ಯ ಬರಲೇ ಇಲ್ಲ.

ಹನಿ ಬಿತ್ತು, ಟವೆಲಿನ ಮೇಲೆ ಕಿತ್ತಳೆ ಚುಕ್ಕೆ, ಗಡಿಯಾರದಲ್ಲಿ ಒಂದೂ ಇಪ್ಪತ್ತು, ಬೆಳಿಗ್ಗೆಯಿಂದ ಆ ಮಾತು ನಾಲಗೆಯ ಮೇಲೆ ಕೂತಿದೆ, ಹೇಳಿಬಿಡಬಹುದಲ್ಲ, ಯಾಕೆ ಹೇಳುತ್ತಿಲ್ಲ, ಅದನ್ನು ಹೇಳುವ ಹಕ್ಕು ತನಗಿಲ್ಲ ಎಂದೋ, ತಪ್ಪಾಗಿದ್ದರೆ ಎಂದೋ, ಬರೀ ಒಂದು ಮಾತು ಕೇಳಿ ಎಲ್ಲಿಯ ಹಾರ್ಬಿನ್, ಎಲ್ಲಿಯ ಕಾಮಾ ನದಿ, ಮುಂದಿನ ವಾರ ಸಿಡ್ನಿಯಲ್ಲಿ ಬಾಕ್ಸು ಬಿಚ್ಚುತ್ತಿರುತ್ತಾಳೆ, ಈ ಮಾತೂ ಅವಳ ಜೊತೆ ಲಾರಿ ಹತ್ತುತ್ತದೆ, ಆಮೇಲೆ ಈ ಕಟ್ಟಡದಲ್ಲಿ ಅದು ಗೊತ್ತಿರುವವರು ಯಾರೂ ಇರುವುದಿಲ್ಲ, ಮುಂದೊಂದು ದಿನ ಅವಳೇ ಹೀಗೊಂದು ಕುರ್ಚಿಯಲ್ಲಿ ತುಟಿ ಬಿಗಿದು ಕೂತಾಗ ಫೈಲಿನಲ್ಲಿ ಏನು ಬರೆದಾರು, ಇಂಡಿಯನ್, ಹಿಂದಿ, ಮಗಳು ಕ್ರಿಸ್ಟಲ್ ಫೋನಿನಲ್ಲಿ ಯಾ ಯಾ, ಹಿಂದಿ ಎನ್ನುತ್ತಾಳೆ, ಯಾವುದೋ ದೇಶದ ಹುಡುಗಿ ಖಾನಾ ಖಾವೋ ಎನ್ನುತ್ತಾಳೆ, ಎಲ್ಲ ಉದುರಿದ ಮೇಲೆ ತಳದಲ್ಲಿ ಉಳಿದ ಮಾಂಯ್‌ಯ ಮನೆಮಾತು, ಜೇವ್ ಗೊ ಬಾಯೆ, ಉಣ್ಣು ಮಗಳೇ, ಅದು ಯಾರ ಬಾಯಲ್ಲಿ ಬಂದೀತು — ಅವಳು ಮುಂದಕ್ಕೆ ಬಾಗಿದಳು, ಆಶಾ, ಎಂದಳು, ತನ್ನ ಕಿವಿಗೇ ಕೇಳದಷ್ಟು ಮೆಲ್ಲಗೆ, ರೋಸಿ ಕಿಟಕಿಯಿಂದ ಕಣ್ಣು ತೆಗೆದಳು, ರೋಸಿ ಅಲ್ಲ, ರಾಜಿಯಾ, ಆಶಾ, ಈ ಸಲ ಸ್ವಲ್ಪ ಜೋರಾಗಿ, ಮುದುಕಿ ಅವಳ ಮುಖವನ್ನು, ಯೂನಿಫಾರ್ಮಿನ ಗುಂಡಿಯನ್ನು, ಕಣ್ಣ ಕೆಳಗಿನ ಕಪ್ಪನ್ನು ಎಷ್ಟೋ ಹೊತ್ತು ನೋಡಿದಳು, ನೋಡಿ ನೋಡಿ, ಕೈ ಎತ್ತಿ ಚಮಚವನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡು, ತನ್ನ ಬಾಯಿಗಲ್ಲ, ನತಾಲಿಯಾಳ ಬಾಯಿಯ ಹತ್ತಿರಕ್ಕೆ ತಂದಳು. ಆಶಾ, ಬಾಲಮ್.

ಏ ನತಾಲಿಯಾ, ಏನ್ ನಡಸೀಯ ಬೇ, ಬಾಗಿಲಲ್ಲಿ ಮತ್ತೆ ಮಹಾಶ್ವೇತಾ, ಅವರ ತಾಟಿಂದ ನೀ ತಿಂದ್ರ ನಿನ್ನ ಮ್ಯಾಲ ಕಂಪ್ಲೇಂಟ್ ಬರದ ಹಾಕ್ತಾರ ನೋಡ್, ಕಡೀ ದಿನ ಬ್ಯಾಡ ಇದು, ಹೌದು, ಬರೆದು ಹಾಕುತ್ತಾರೆ, ಸಿಡ್ನಿಯ ಕೆಲಸಕ್ಕೆ ಇಲ್ಲಿನವರೇ ಒಳ್ಳೆಯ ಮಾತು ಬರೆದುಕೊಡಬೇಕು, ಚಮಚದಲ್ಲಿ ಇನ್ನೊಂದು ಹನಿ ಅಂಚಿಗೆ ಬಂದಿದೆ, ಮುದುಕಿಯ ಹುಬ್ಬು ಮೇಲಕ್ಕೇರಿದೆ, ಕೇಳಿದವರ ಹಾಗೆ, ಕಾಯುವವರ ಹಾಗೆ, ನತಾಲಿಯಾ ಬಾಯಿ ತೆರೆದಳು, ತಣ್ಣಗಾದ ಕ್ಯಾರೆಟ್, ಉಪ್ಪಿಲ್ಲ, ನುಂಗಿದಳು, ಹ್ಞಾಂ, ಎಂದಳು ಮುದುಕಿ, ಅಷ್ಟೊಂದು ತೃಪ್ತಿಯಿಂದ, ತಾನೇ ಒಲೆ ಹೊತ್ತಿಸಿ ಮಾಡಿದ್ದೆಂಬಂತೆ, ಚಮಚವನ್ನು ಮತ್ತೆ ತಟ್ಟೆಗೆ ಊರಿ ಒಂದಿಷ್ಟು ಎತ್ತಿಕೊಂಡು ಈ ಸಲ ತನ್ನ ತುಟಿಗಿಟ್ಟುಕೊಂಡಳು, ಹೊಲಿಗೆ ಬಿಚ್ಚಿತು, ಗಂಟಲಿನ ಸಡಿಲು ಚರ್ಮ ಮೇಲೆ ಹೋಗಿ ಕೆಳಗೆ ಬಂತು, ಹಿಂದಿನಿಂದ ಮಹಾಶ್ವೇತಾ, ಒಂದ್ ಅಂತ ಬರೀಲೇನ, ಈಗ ಅವಳ ದನಿಯೂ ಸಣ್ಣದಾಗಿದೆ, ನತಾಲಿಯಾ, ಒಂದ್ ಚಮಚಾ ಅಂತ ಬರೀಲೇನ ಬೇ, ಹೂಂ ಎನ್ನಬೇಕು, ಎನ್ನುತ್ತಾಳೆ, ಮೊದಲು ಇದನ್ನು ನೋಡಿ ಮುಗಿಯಲಿ, ತುದಿ ಹೋದ ಕ್ಯಾರೆಟ್, ಬಿಳಿ ತಟ್ಟೆ, ತಟ್ಟೆಯ ಅಂಚಿನ ಮೇಲೆ ಮುದುಕಿಯ ಕೈ, ಆ ಕೈ ತಟ್ಟೆಯನ್ನು ಹಿಡಿದುಕೊಂಡಿದೆ, ಹಿಂದಕ್ಕಲ್ಲ, ಇತ್ತ ತಳ್ಳುತ್ತಿದೆ, ಮೆಲ್ಲಗೆ, ಮೇಜಿನ ಮೇಲೆ ಆ ಸಣ್ಣ ಸದ್ದು, ಮೂರು ಮೂಲೆ, ಕಚ್ಚಿದ ಒಂದು ಮೂಲೆ, ಕಚ್ಚಿದ ಒಂದು ಮೂಲೆ