ಗೀರು ಬೀಳದ ಹಾಗೆ

ಅಂಗಡಿಯವನು ಡಬ್ಬದ ಮುಚ್ಚಳ ತೆಗೆದು, ಒಳಗಿದ್ದ ಕಂಪ್ಯೂಟರಿನ ಮದರ್‌ಬೋರ್ಡನ್ನು ಅವಳ ಗಂಡನ ಕಡೆಗೆ ತಿರುಗಿಸಿ ಇಟ್ಟ. ಕೇಳಿದವಳು ಅವಳು. ಒಳಗೆ ಕಾಲಿಟ್ಟಾಗಿನಿಂದ ಮಾತಾಡುತ್ತಿದ್ದವಳೂ ಅವಳೇ. ಗಂಡ ಗೋಡೆಯ ಫ್ಯಾನಿನ ಗಾಳಿ ಬೀಳುವ ಜಾಗ ಹುಡುಕಿಕೊಂಡು ಸುಮ್ಮನೆ ನಿಂತಿದ್ದ. ಆದರೂ ಉತ್ತರವೆಲ್ಲ ಅವನ ಪಾಲಿಗೇ ಹೋಗುತ್ತಿತ್ತು.

“ಇದನ್ನ ನೋಡಿ ಸಾರ್. ಪವರ್ ಕೊಟ್ರೆ ಸುತ್ತ ಲೈಟ್ ಬರುತ್ತೆ. ಬಣ್ಣ ಬದಲಾಗ್ತಾ ಇರುತ್ತೆ. ಈಗೆಲ್ಲ ಇದೇ ಓಡೋದು.”

ಗಂಡ ಗಂಭೀರವಾಗಿ ತಲೆಯಾಡಿಸಿದ. ಕಂಪ್ಯೂಟರಿನ ಹಿಂದು ಮುಂದು ಗೊತ್ತಿಲ್ಲದ ಮನುಷ್ಯ ಅಷ್ಟು ಗಂಭೀರವಾಗಿ ತಲೆಯಾಡಿಸಿದ್ದನ್ನು ನೋಡಿ ಅವಳಿಗೆ ಮೈ ಉರಿಯಿತು.

“ನನಗೆ ಲೈಟ್ ಬೇಡ,” ಅಂದಳು. “ಬಿಸಿ ತಡಿಯೋದು ಬೇಕು. ಬೆಳಿಗ್ಗೆ ಆನ್ ಮಾಡಿದ್ರೆ ಸಾಯಂಕಾಲದ ತನಕ ಒಂದೇ ಸಮ ಓಡಬೇಕು. ನಡುವೆ ನಿಲ್ಲಬಾರದು.”

“ಗೇಮಾ ಸಾರ್?” ಎಂದು ಅಂಗಡಿಯವನು ಗಂಡನನ್ನೇ ಕೇಳಿದ.

ಗೇಮಲ್ಲ. ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು ಅವಳ ಕಸುಬು. ಮನೆ ಕಟ್ಟಿಸಿ ಮಾರುವವರು ಬರೀ ಗೆರೆಗಳಿರುವ ನಕ್ಷೆ ಕಳಿಸುತ್ತಾರೆ. ಇವಳು ಅದಕ್ಕೆ ಗೋಡೆ ಎಬ್ಬಿಸಿ, ಕಿಟಕಿ ಕೂರಿಸಿ, ಕಿಟಕಿಯಿಂದ ಬೆಳಗಿನ ಬಿಸಿಲು ಬಿಟ್ಟು, ಯಾರೋ ಈಗ ತಾನೇ ಎದ್ದು ಹೋದ ಹಾಗೆ ಒಂದು ಕುರ್ಚಿ ಓರೆಯಾಗಿಟ್ಟು, ಫೋಟೋ ಹಿಡಿದಂತೆ ಮಾಡಿ ಕೊಡುತ್ತಾಳೆ. ಗಿರಾಕಿಗಳು ಅದನ್ನು ನೋಡಿಯೇ ಮನೆ ಕೊಳ್ಳುವುದು. ಅಂಥ ಒಂದು ಚಿತ್ರ ಸಿದ್ಧವಾಗಬೇಕಾದರೆ ಕಂಪ್ಯೂಟರು ಗಂಟೆಗಟ್ಟಲೆ ಲೆಕ್ಕ ಹಾಕುತ್ತಾ ಕೂರಬೇಕು. ಅವಳದು ಕೂರುತ್ತಿರಲಿಲ್ಲ. ಕೊಂಡಾಗಿನಿಂದ ಅದಕ್ಕೆ ಒಂದೇ ಕಾಯಿಲೆ. ಚಿತ್ರ ಮುಕ್ಕಾಲು ಪಾಲು ಮೂಡುವ ಹೊತ್ತಿಗೆ ಕಾದು ಕಾದು ಫಕ್ಕನೆ ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ.

ಅವಳು ಮಾಡದ ಉಪಾಯವಿಲ್ಲ. ಪೆಟ್ಟಿಗೆಯ ಪಕ್ಕದ ಬಾಗಿಲು ಕಳಚಿ ಟೇಬಲ್ ಫ್ಯಾನ್ ತಿರುಗಿಸಿಟ್ಟಳು. ಪಡುವಣ ಬಿಸಿಲು ಬೀಳುವ ಕಿಟಕಿಗೆ ಒದ್ದೆ ಚಾದರ ಕಟ್ಟಿದಳು. ನಸುಕಿನಲ್ಲೇ ಎದ್ದು, ಬಿಸಿಲೇರುವ ಮೊದಲೇ ಕೆಲಸ ಮುಗಿಸಲು ನೋಡಿದಳು. “ಕೆಲಸ ಚೆನ್ನಾಗಿದೆ, ಆದ್ರೆ ನಿಮ್ಮದು ಹೇಳಿದ ದಿನಕ್ಕೆ ಬರಲ್ಲ” ಎಂದು ಒಬ್ಬ ಬಿಲ್ಡರ್ ಕೈಬಿಟ್ಟ. ಉಳಿದಿರುವವನು ಈ ವಾರದ ಕೊನೆಗೆ ಸಾಲು ಮನೆಗಳ ಚಿತ್ರ ಕೇಳಿದ್ದಾನೆ. ಇವತ್ತು ಬೆಳಿಗ್ಗೆ ಕಂಪ್ಯೂಟರು ಆರಿತು, ಮತ್ತೆ ಏಳಲಿಲ್ಲ. ಇವನೂ ಹೋದರೆ ಅವಳ ಕಸುಬು ಮುಗಿದ ಹಾಗೆಯೇ. ಮನೆಯಲ್ಲಿ ಅದಕ್ಕೆ ಅಳುವವರು ಯಾರೂ ಇಲ್ಲ.

ಅಳುವುದಿರಲಿ, ಕಾರಣ ಕೂಡ ಮನೆಯವರು ಎಂದೋ ಹುಡುಕಿಟ್ಟಿದ್ದರು. ಅದನ್ನು ಹೇಳಿದವನು ಭಾವ, ಗಂಡನ ಅಣ್ಣ. ಆ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿಕೊಟ್ಟವನೂ ಅವನೇ. ಆ ಮನೆತನದಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಹಕ್ಕು ಅವನೊಬ್ಬನದು. ಒಂದು ಭಾನುವಾರ ಬಂದು, ಪೆಟ್ಟಿಗೆಯ ಬೆನ್ನು ತಟ್ಟಿ ನೋಡಿ, ತಾಯಿಯ ಕಡೆ ತಿರುಗಿ, “ಮೆಷಿನ್ನಿಗೆ ಏನೂ ಆಗಿಲ್ಲಮ್ಮ. ಎಲ್ಲ ಇವಳ ಕೈಗುಣ” ಅಂದ. ಎಲ್ಲರೂ ನಕ್ಕರು. ಅಂದಿನಿಂದ ಮಿಕ್ಸಿ ಕೆಟ್ಟರೂ ಕೈಗುಣ, ಬಲ್ಬು ಹೋದರೂ ಕೈಗುಣ. ಅವಳೂ ಮೊದಲ ಸಲ ನಕ್ಕಿದ್ದಳು. ಆ ನಗುವನ್ನು ನೆನೆದರೆ ಈಗ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅವಳು ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡಳು. ಲೆಕ್ಕವೆಲ್ಲ ಮಾಡುವ ಪ್ರೊಸೆಸರ್ ಕೂರುವ ಚೌಕದ ಪಕ್ಕದಲ್ಲಿ, ಕರೆಂಟನ್ನು ಹದಮಾಡಿ ಕೊಡುವ ಸಣ್ಣ ಸಣ್ಣ ಬಿಲ್ಲೆಗಳಿರುತ್ತವೆ. ಬೋರ್ಡಿನಲ್ಲಿ ಮೊದಲು ಬೇಯುವುದು ಅವೇ. ಅವುಗಳ ಮೇಲೆ ಬಿಸಿ ಹೀರಲು ಲೋಹದ ದಿಮ್ಮಿ ಇರಬೇಕು. ಈ ಬೋರ್ಡಿನಲ್ಲೂ ಬೆಳ್ಳಿ ಬಣ್ಣದ್ದು ಒಂದಿತ್ತು, ನೋಡಲು ಭರ್ಜರಿಯಾಗಿತ್ತು. ಉಗುರಿನಿಂದ ತಟ್ಟಿದಳು. ಬಕೆಟ್ಟು ತಟ್ಟಿದ ಸದ್ದು ಬಂತು.

“ಇದು ಪ್ಲಾಸ್ಟಿಕ್.”

“ಒಳಗೆ ಲೋಹ ಇದೆ ಮೇಡಮ್. ಮೇಲಿಂದು ಡಿಸೈನು.”

“ಅಂದ್ರೆ ಇರೋ ಲೋಹಕ್ಕೂ ಗಾಳಿ ಆಡದ ಹಾಗೆ ಕಂಬಳಿ ಹೊದಿಸಿದ್ದಾರೆ. ಅಗೋ, ಮೇಲಿನ ಹಲಗೆಯಲ್ಲಿದೆಯಲ್ಲ, ಕಪ್ಪು ಬೋರ್ಡು. ಅದನ್ನ ತೆಗೀರಿ.”

“ಒಂದ್ನಿಮಿಷ,” ಅಂದ ಗಂಡ. “ಅಣ್ಣನಿಗೆ ಒಂದ್ಸಲ ತೋರಿಸಿಬಿಡೋಣ.”

ಅವಳು ಬೇಡ ಅನ್ನುವ ಮೊದಲೇ ಫೋನಿನಲ್ಲಿ ಭಾವನ ಮುಖ ಮೂಡಿತು. ಗಂಡ ಅದನ್ನು ಬೋರ್ಡಿನ ಮೇಲೆ ಆರತಿ ಎತ್ತಿದ ಹಾಗೆ ಸುತ್ತಿಸಿದ.

“ಲೈಟ್ ಇರೋದೇ ತಗೊಳ್ಳೋ,” ಅಂತು ಭಾವನ ದನಿ. ಅಂಗಡಿಗೆಲ್ಲ ಕೇಳಿಸಿತು. “ಹೇಗೂ ಅವಳು ಹಾಳು ಮಾಡ್ತಾಳೆ. ನೋಡೋದಕ್ಕಾದ್ರೂ ಚೆನ್ನಾಗಿರ್ಲಿ.”

ಅಂಗಡಿಯವನು ನಕ್ಕ. ಗಂಡನೂ ನಕ್ಕು ಫೋನು ಜೇಬಿಗಿಟ್ಟ. ಅವಳಿಗೆ ಪಿತ್ತ ನೆತ್ತಿಗೇರಿತು. ಬಾಯಿ ತೆರೆದರೆ ಏನು ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ. ಅದಕ್ಕೆ ತಾನೇ ಸ್ಟೂಲಿನ ಮೇಲೆ ಹತ್ತಿ ಕಪ್ಪು ಬೋರ್ಡನ್ನು ಇಳಿಸಿಕೊಂಡಳು. ಕೈಗೆ ಭಾರ ಬಂತು. ಸಿಂಗಾರ ಒಂದೂ ಇಲ್ಲ. ಚೌಕದ ಎರಡು ಬದಿಗೂ ಸೀಳು ಸೀಳಾಗಿ ಕೊರೆದ ದಪ್ಪ ಲೋಹ, ಬೋರ್ಡಿನ ಹಿಂಬದಿಯಿಂದ ಸ್ಕ್ರೂ ಹಾಕಿ ಬಿಗಿದದ್ದು. ಅಲ್ಲಾಡಿಸಿ ನೋಡಿದಳು, ಅಲ್ಲಾಡಲಿಲ್ಲ. ಒಂದು ಫ್ಯಾನು ನಿಂತುಹೋದರೂ ಇನ್ನೊಂದರಿಂದ ಸುಧಾರಿಸಿಕೊಳ್ಳಲು ಬೇಕಾದಷ್ಟು ಫ್ಯಾನಿನ ಸಂಪರ್ಕಗಳಿದ್ದವು.

“ಅದು ಆಫೀಸುಗಳಿಗೆ ಹೋಗೋದು ಮೇಡಮ್. ದಿನವಿಡೀ ಓಡಿಸೋರಿಗೆ.”

“ನಾನೂ ದಿನವಿಡೀ ಓಡಿಸೋಳೇ. ಇದೇ ಇರ್ಲಿ. ಹಳೇದರಿಂದ ಪ್ರೊಸೆಸರ್ ಬಿಚ್ಚಿ ಕೊಡಿ, ಅದರ ಮೇಲೆ ಕೂತು ಬಿಸಿ ಹೀರೋ ಹೊಸ ಕೂಲರ್ ಒಂದು ಕೊಡಿ. ಜೋಡಿಸೋದು ನಾನೇ ಜೋಡಿಸ್ಕೋತೀನಿ.”

ಅವರು ಹೊತ್ತು ತಂದಿದ್ದ ಹಳೆಯ ಪೆಟ್ಟಿಗೆ ಮೇಜಿನ ಆ ತುದಿಯಲ್ಲಿತ್ತು. ಅಂಗಡಿಯವನು ಅದನ್ನು ಬಿಚ್ಚುತ್ತಿದ್ದ, ಗಂಡ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವಳು ಈ ತುದಿಯಲ್ಲಿ ಕೂಲರುಗಳ ಡಬ್ಬ ತಿರುವಿ ಓದುತ್ತಿದ್ದಳು. ಆಗ ಅಂಗಡಿಯವನ ದನಿ ಸಣ್ಣಗೆ ಕೇಳಿತು.

“ಇದೇನ್ ಸಾರ್ ಇದು?”

ಅವಳು ತಲೆ ಎತ್ತಿದಳು. ಅಂಗಡಿಯವನು ಹಳೆಯ ಕೂಲರನ್ನು ಮಗುಚಿ ಹಿಡಿದು ಗಂಡನಿಗೆ ತೋರಿಸುತ್ತಿದ್ದ. ಗಂಡ ಅದರ ತಳದಿಂದ ಏನನ್ನೋ ಸರಕ್ಕನೆ ಕಿತ್ತು ಮುಷ್ಟಿಯೊಳಗೆ ಮುಚ್ಚಿಕೊಂಡ.

“ಏನದು?”

“ಏನಿಲ್ಲ. ಕಸ.”

“ಕೈ ತೋರಿಸಿ.”

“ಕಸ ಅಂದ್ನಲ್ಲ.”

“ಕೈ ತೋರಿಸಿ ಅಂದೆ.”

ಗಂಡ ಮುಷ್ಟಿ ಬಿಚ್ಚಿದ. ಅಂಗೈಯೆಲ್ಲ ಬೂದು ಬಣ್ಣದ ಒಣ ಪೇಸ್ಟು. ಅದರ ನಡುವೆ ಮುದುರಿದ ಒಂದು ಪ್ಲಾಸ್ಟಿಕ್ ಹಾಳೆ. ಅವಳು ಅದನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಬಿಸಿಗೆ ಹಳದಿ ತಿರುಗಿ ಸುಕ್ಕಾಗಿತ್ತು. ಬಳಸುವ ಮೊದಲು ಇದನ್ನು ತೆಗೆಯಿರಿ ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿದ್ದು ಇನ್ನೂ ಓದಲು ಬರುತ್ತಿತ್ತು.

ಪ್ರೊಸೆಸರಿನ ಬಿಸಿಯನ್ನು ಕೂಲರು ಹೀರಬೇಕಾದರೆ ಲೋಹಕ್ಕೆ ಲೋಹ ತಾಗಬೇಕು, ಸಂದು ತುಂಬಿ ಬಿಸಿ ದಾಟಿಸಲು ಒಂದಿಷ್ಟು ಪೇಸ್ಟು ಮಾತ್ರ ಇರಬೇಕು. ಇಷ್ಟು ಕಾಲ ನಡುವೆ ಈ ಹಾಳೆ ಕೂತಿತ್ತು. ಬಿಸಿ ಹೋಗಲು ದಾರಿಯಿಲ್ಲದೆ ಸುತ್ತಲಿನ ಬೋರ್ಡು ಬೆಂದು ಕಂದುಗಟ್ಟಿತ್ತು.

“ಫೋನ್ ಮಾಡಿ ಭಾವನಿಗೆ.”

“ಈಗ ಬೇಡ. ಮನೆಗೆ ಹೋಗಿ…”

“ಮಾಡಿ.”

ಅವಳು ಹಾಳೆಯ ವಿಷಯ ಕೇಳಿದಾಗ ಭಾವ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವನಿಗೆ ಅನಿಸಲೂ ಇಲ್ಲ. “ಹೂಂ, ಅದನ್ನ ನಾನೇ ಬಿಟ್ಟಿದ್ದು. ತಳ ಒಳ್ಳೇ ಕನ್ನಡಿ ತರ ಹೊಳೀತಿತ್ತು. ಗೀರು ಬೀಳಬಾರ್ದು ಅಂತ ಹಾಗೇ ಬಿಟ್ಟೆ.”

ಅದೂ ಸರಿಯೇ. ಆ ಮನೆಯವರು ಹೊಸ ಸಾಮಾನಿನ ಹಾಳೆ ಕಿತ್ತವರಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ಅದು ಗುಳ್ಳೆಯೆದ್ದು ನಿಂತಿದೆ. ರಿಮೋಟಿನ ಅಕ್ಷರ ಅದರಡಿಯಲ್ಲಿ ಮಸುಕಾಗಿದೆ. ಕುರ್ಚಿಯಲ್ಲಿ ಕೂತರೆ ತೊಡೆಗೆ ಅಂಟುತ್ತದೆ. ಹಾಳೆ ಇರುವ ತನಕ ಸಾಮಾನು ಹೊಸದು, ಕಿತ್ತ ದಿನವೇ ಹಳೆಯದು. ಇದು ಅತ್ತೆ ಮಕ್ಕಳಿಗೆ ಹೇಳಿಕೊಟ್ಟ ಪಾಠ. ಮಕ್ಕಳು ಚೆನ್ನಾಗಿಯೇ ಕಲಿತಿದ್ದರು.

“ಅದರಿಂದಾನೇ ಮೆಷಿನ್ ಸುಟ್ಟು ಹೋಗಿದ್ದು ಭಾವ.”

“ಅಷ್ಟು ತೆಳ್ಳನೆ ಹಾಳೆಯಿಂದ ಏನಾಗುತ್ತಮ್ಮ. ಆಗಿದ್ದು ಆಗಿಹೋಯ್ತು. ಸುಮ್ನೆ ತಲೆಬಿಸಿ ಮಾಡ್ಕೋಬೇಡ.”

“ನಾನು ಮಾಡ್ಕೊಂಡಿದ್ದಲ್ಲ. ನೀವು ಮಾಡಿಟ್ಟಿದ್ದು,” ಎಂದು ಅವಳು ಫೋನು ಕತ್ತರಿಸಿದಳು.

ಗಂಡ ಅಂಗಡಿಯವನ ಬಟ್ಟೆ ತೆಗೆದುಕೊಂಡು ಅಂಗೈ ಒರೆಸುತ್ತಿದ್ದ. “ಅಣ್ಣ ಬೇಕಂತ ಮಾಡಿದ್ದಲ್ವಲ್ಲ,” ಅಂದ. “ಗೊತ್ತಿಲ್ದೆ ಆಗಿದ್ದು.”

“ಅವರದು ಗೊತ್ತಿಲ್ದೆ ಆಗಿದ್ದು. ನೀವು ಮುಚ್ಚಿಟ್ಕೊಂಡಿದ್ದು ಗೊತ್ತಿದ್ದೇ.”

ಅಂಗಡಿಯವನು ಈ ಸಲ ಗಂಡನನ್ನು ಬಿಟ್ಟು ಅವಳ ಕಡೆ ತಿರುಗಿ, ಡಬ್ಬಗಳನ್ನು ಕಟ್ಟಿ ಕೊಡಲೇ ಎಂದು ಕೇಳಿದ.

ಬಸ್ಸಿನಲ್ಲಿ ಅವಳು ಹಳೆಯ ಪೆಟ್ಟಿಗೆಯನ್ನು ಗಂಡನ ಕಾಲ ಬಳಿ ಬಿಟ್ಟು, ಬೋರ್ಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಹಿಡ್ಕೋತೀನಿ ಕೊಡು ಎಂದು ಗಂಡ ಕೇಳಿದರೂ ಕೊಡಲಿಲ್ಲ. ನಸುಕಿನಲ್ಲಿ ಎದ್ದ ದಿನಗಳು, ಒದ್ದೆ ಚಾದರ, ಕೈಬಿಟ್ಟು ಹೋದ ಬಿಲ್ಡರು, ಎಲ್ಲ ಒಂದೊಂದಾಗಿ ಎದ್ದು ಬಂದವು. ತನ್ನ ಕೈಯಲ್ಲೇ ಏನೋ ದೋಷವಿದೆಯೇನೋ ಎಂದು ಒಂದು ಮಧ್ಯಾಹ್ನ ನಿಜವಾಗಿಯೂ ಅಂಗೈ ತಿರುವಿ ನೋಡಿಕೊಂಡದ್ದು ನೆನಪಾಗಿ ಹಲ್ಲು ಕಚ್ಚಿದಳು. ಭಾವನ ಪೆದ್ದುತನವನ್ನು ಕ್ಷಮಿಸಬಹುದಿತ್ತು. ಆ ಮುಚ್ಚಿದ ಮುಷ್ಟಿಯನ್ನು ಮಾತ್ರ ಹೇಗೆ ತಿರುಗಿಸಿ ನೋಡಿದರೂ ಕ್ಷಮಿಸಲು ಆಗುತ್ತಿರಲಿಲ್ಲ.

ಇಳಿಯುವ ನಿಲ್ದಾಣ ಹತ್ತಿರವಾದಾಗ ಗಂಡ ಗಂಟಲು ಸರಿಮಾಡಿಕೊಂಡ. “ಒಂದು ಮಾತು. ಅಮ್ಮನ ಮುಂದೆ ಇದನ್ನ ಎತ್ತಬೇಡ. ಈ ವಯಸ್ಸಲ್ಲಿ ಅಣ್ಣನ ಮರ್ಯಾದೆ ಹೋಗುತ್ತೆ.”

“ನನ್ನ ಮರ್ಯಾದೆ?”

“ನೀನು ಮನೆಯವಳಲ್ವಾ,” ಅಂದ ಗಂಡ. ಸಮಾಧಾನ ಹೇಳಿದೆನೆಂದೇ ಅವನು ತಿಳಿದಿದ್ದ.

ಮನೆಯಲ್ಲಿ ಅತ್ತೆ ಒಣಗಿದ ಬಟ್ಟೆಗಳನ್ನು ಮಡಿಸುತ್ತಾ ಕೂತಿದ್ದರು. “ಏನಾಗಿತ್ತಂತೋ?” ಎಂದು ಮಗನನ್ನು ಕೇಳಿದರು.

“ಹಳೇದಾಗಿತ್ತಂತಮ್ಮ.”

“ನಾನು ಹೇಳ್ಲಿಲ್ವಾ. ಆ ಪರಿ ಓಡಿಸಿದ್ರೆ ಯಾವ ಯಂತ್ರ ತಡಿಯುತ್ತೆ? ಅದಕ್ಕೂ ಜೀವ ಇರುತ್ತೆ. ಕೆಲವರ ಕೈಗೆ ಕೊಟ್ರೆ ಹಾಗೇ.”

ಗಂಡ ಅವಳ ಕಡೆ ನೋಡಿದ. ಬೇಡ ಅನ್ನುವ ನೋಟ. ಅವಳು ಊಟದ ಮೇಜಿನ ಮೇಲಿದ್ದ ಪಾತ್ರೆಗಳನ್ನು ಸರಿಸಿ, ಒರೆಸಿ, ಡಬ್ಬದ ರಟ್ಟು ಹಾಸಿ, ಬೋರ್ಡನ್ನು ಅದರ ಮೇಲಿಟ್ಟಳು. ತನ್ನ ಕೋಣೆ ಇತ್ತು, ಬಾಗಿಲು ಹಾಕಿಕೊಂಡು ಮಾಡಬಹುದಿತ್ತು. ಬೇಕೆಂದೇ ನಡುಮನೆಯಲ್ಲಿ ಹರಡಿದಳು. ಪ್ರೊಸೆಸರನ್ನು ಚೌಕದಲ್ಲಿ ಕೂರಿಸಿ ಸರಿಗೆಯ ಕೊಂಡಿ ಒತ್ತಿದಳು. ನಡುವೆ ಕಡಲೆಕಾಳಿನಷ್ಟು ಪೇಸ್ಟ್ ಇಟ್ಟಳು. ಆಮೇಲೆ ಹೊಸ ಕೂಲರನ್ನು ಡಬ್ಬದಿಂದ ತೆಗೆದು, ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಗಂಡನ ಕಡೆ ಚಾಚಿದಳು.

“ಬನ್ನಿ. ತಳದ ಹಾಳೆ ತೆಗೀರಿ.”

“ನೀನೇ ತೆಗಿ. ನಾನು ಸ್ವಲ್ಪ ಆಚೆ…”

“ನನ್ನ ಕೈಗುಣ ಸರಿ ಇಲ್ಲ. ನೀವೇ ತೆಗೀರಿ.”

ಗಂಡ ಬಂದ. ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಹಾಳೆಯನ್ನು ಎಳೆದ. ಅದು ಚರ್ರ್ ಎಂದು ಬಿಟ್ಟುಕೊಂಡ ಸದ್ದಿಗೆ ಅತ್ತೆ ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಿದರು.

“ಅಯ್ಯೋ, ಹೊಸದಲ್ವೇನೋ ಅದು. ಯಾಕೋ ಕೀಳ್ತೀಯ? ಇರ್ಲಿ ಬಿಡೋ, ಗೀರು ಬೀಳುತ್ತೆ.”

“ತೆಗೀಲೇಬೇಕಮ್ಮ ಇದನ್ನ.”

“ಯಾಕೆ ತೆಗೀಬೇಕು?”

“ತೆಗೀದಿದ್ರೆ ಬಿಸಿ ಹೋಗಲ್ಲ. ಒಳಗೇ ಸುಟ್ಟು ಹೋಗುತ್ತೆ.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಅರ್ಧ ಮಡಿಸಿದಲ್ಲೇ ತೊಡೆಯ ಮೇಲೆ ಇಟ್ಟುಕೊಂಡರು. ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಎಷ್ಟೇ ಹಟವಿದ್ದರೂ ಅವರು ದಡ್ಡರಲ್ಲ. ಒಮ್ಮೆ ಮಗನನ್ನು ನೋಡಿದರು, ಒಮ್ಮೆ ಮೂಲೆಯಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ನೋಡಿದರು.

“ಹಳೇದಕ್ಕೆ ನಿಮ್ಮಣ್ಣ ತೆಗೆದಿದ್ನಾ?”

ಅವಳು ಕೂಲರಿಗಾಗಿ ಕೈ ಚಾಚಿಕೊಂಡು, ಗಂಡನ ಮುಖವನ್ನೇ ನೋಡುತ್ತಾ ನಿಂತಳು. ಅವನು ಕೂಲರನ್ನು ಅವಳ ಕೈಗೆ ಕೊಟ್ಟ. ಹಾಳೆ ಅವನ ಬೆರಳಿಗೆ ಅಂಟಿಕೊಂಡಿತ್ತು. ಕೈ ಕೊಡವಿದ, ಬೀಳಲಿಲ್ಲ. ಇನ್ನೊಂದು ಕೈಯಿಂದ ಕೀಳಲು ಹೋದ, ಆ ಕೈಗೆ ಅಂಟಿಕೊಂಡಿತು.

“ನಿನ್ನೇ ಕೇಳ್ತಿರೋದು ಕಣೋ,” ಅಂದರು ಅತ್ತೆ.