ನಳ ಬಂದಾವು

ಬೆಳಗಿನಿಂದ ಸುಮಲತಾ ಕುರ್ಚಿಯಲ್ಲಿ ಕೂತದ್ದಕ್ಕಿಂತ ಎದ್ದು ಓಡಾಡಿದ್ದೇ ಹೆಚ್ಚು. ಮೆಸೇಜ್ ಕಳಿಸುವ ಮುಂಬೈ ಕಂಪನಿಯ ಸರ್ವರ್ ಸುತಾರಾಂ ಉತ್ತರ ಕೊಡಲೊಲ್ಲದು.

ಎರಡು ಸಾವಿರದ ಏಳರ ಸುಮಾರಿನ ಮಾತು. ಹಳೇ ಹುಬ್ಬಳ್ಳಿಯ ಅವಳ ಓಣಿಯ ನಳಕ್ಕೆ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಯಾವ ಹೊತ್ತಿಗೋ ದೇವರಿಗೇ ಗೊತ್ತು. ಹೆಂಗಸರು ಪಾಳಿ ಹಚ್ಚಿ ನಳ ಕಾಯುತ್ತಿದ್ದರು. ಈ ಗೋಳು ತಪ್ಪಿಸಲೆಂದು ಸುಮಲತಾ ಒಂದು ಪ್ರೋಗ್ರಾಮ್ ಬರೆದಿದ್ದಳು. ವಾಲ್ವ್ ತಿರುಗಿಸುವ ಯಮನಪ್ಪ ನೀರು ಬಿಟ್ಟು ಅವಳ ಆಫೀಸಿಗೆ ಫೋನ್ ಮಾಡಬೇಕು. ಪ್ರೋಗ್ರಾಮ್ ಮುಂಬೈ ಸರ್ವರನ್ನು ಕೇಳಿಕೊಳ್ಳಬೇಕು. ಆ ಸರ್ವರ್ ಓಣಿಯ ಮೊಬೈಲುಗಳಿಗೆಲ್ಲ ‘ನಳ ಬಂದಾವು’ ಎಂದು ಮೆಸೇಜ್ ಕಳಿಸಬೇಕು. ಅವ್ವ ಮಾಳವ್ವನಂತೂ ‘ನನ್ನ ಮಗಳ ಮೆಸೇಜ್’ ಎಂದು ಓಣಿತುಂಬ ಸಾರಿಕೊಂಡು ಬಂದಿದ್ದಳು. ಅವಳ ಮಾತು ನಂಬಿ ಎಲ್ಲರೂ ನಳ ಕಾಯುವುದನ್ನೇ ಬಿಟ್ಟರು.

ಇವತ್ತು ಯಮನಪ್ಪ ಫೋನ್ ಮಾಡಿ ಬಹಳ ಹೊತ್ತಾಗಿತ್ತು. ಪ್ರೋಗ್ರಾಮ್ ಕೇಳುತ್ತಿತ್ತು, ಉತ್ತರಕ್ಕೆ ಕಾಯುತ್ತಿತ್ತು, ಸೋತು ಮತ್ತೆ ಕೇಳುತ್ತಿತ್ತು. ಸರ್ವರ್ ಹೂಂ ಅನ್ನುವ ತನಕ ಬೆನ್ನು ಬಿಡಬೇಡ ಎಂದು ಬರೆದವಳು ಅವಳೇ. ಆ ಹಟದ ಬಗ್ಗೆ ಅವಳಿಗೆ ಹೆಮ್ಮೆ ಬೇರೆ.

“ಸುಮಲತಾ, ನಿಮ್ಮ ಅವ್ವಗಾದ್ರೂ ಒಂದು ಫೋನ್ ಮಾಡಬಾರದೇನು?” ಎಂದ ಆಫೀಸಿನ ಯಜಮಾನ ಪ್ರಸಾದ.

“ತಡೀರಿ ಸರ್, ಈಗ ಹೋಗ್ತೈತಿ.”

ಫೋನ್ ಮಾಡಿಯೇ ಹೇಳುವುದಾದರೆ ಇಷ್ಟೆಲ್ಲ ಬರೆದದ್ದು ಯಾವ ಪುರುಷಾರ್ಥಕ್ಕೆ? ಉಗುರು ಕಚ್ಚುತ್ತ ಅವಳು ಪರದೆಯನ್ನೇ ನೋಡಿದಳು.

ಕಡೆಗೂ ಸರ್ವರ್ ಹೂಂ ಎಂದಿತು. ಎಲ್ಲರಿಗೂ ಮೆಸೇಜ್ ಹೋಗಿತ್ತು.

“ಹೋತು ನೋಡ್ರಿ!” ಎಂದು ಕುಣಿದೇಬಿಟ್ಟಳು. ಅಷ್ಟರಲ್ಲಿ ಯಮನಪ್ಪನ ಫೋನ್.

“ಅಕ್ಕಾರ, ವಾಲ್ವ್ ಬಂದ್ ಮಾಡಿ ನಂದು ಊಟಾನೂ ಆತು. ಈಗ್ಯಾಕ ನಳ ಬಂದಾವು ಅಂತ ಮೆಸೇಜ್ ಬಂತರಿ?”

ಸುಮಲತಾ ಪ್ರೋಗ್ರಾಮಿಗೆ ಹಟ ಕಲಿಸಿದ್ದಳು, ಹೊತ್ತು ಮೀರಿದರೆ ಸುಮ್ಮನಾಗು ಎಂದು ಕಲಿಸಿರಲಿಲ್ಲ. ಅವ್ವನಿಗೆ ಈಗ ಫೋನ್ ಮಾಡಿದಳು, ನಳದ ಹತ್ತಿರದ ಗದ್ದಲದಲ್ಲಿ ಕೇಳಿಸಲಿಲ್ಲವೇನೋ, ಅವಳು ಎತ್ತಲಿಲ್ಲ. ಆಟೋ ಹಿಡಿದು ಓಣಿಗೆ ಓಡಿದಳು.

ಅಲ್ಲಿ ಕೊಡಗಳ ಸಾಲು. ಎಲ್ಲರಿಗಿಂತ ಮುಂದೆ, ಒಣಗಿದ ನಳದ ಕೆಳಗೆ, ನೆರೆಮನೆಯ ರೆಹಮತ್‌ಬಿಯ ಕೊಡ. ಅವಳ ಮನೆಯಲ್ಲಿ ಬಾಣಂತಿ ಮಗಳು, ಹಸಿ ಕೂಸು, ತಳ ಕಂಡ ಹಂಡೆ.

“ಬಂದ್ಲು ನೋಡ್ರಿ ನನ್ನ ಮಗಳು!” ಎಂದು ಮಾಳವ್ವ ಬೀಗಿದಳು. “ಸುಮಾ, ಈಗ ಟ್ಯಾಂಕರಿನಂವ ಬಂದಿದ್ದ. ರೆಹಮತ್‌ಬಿ ನೀರು ಹಿಡಕೋತೇನಿ ಅಂದ್ಲು, ನಾನ ಬ್ಯಾಡ ಅಂದೆ. ನನ್ನ ಮಗಳು ಕಳಿಸ್ಯಾಳ, ಸುಳ್ಳಾಗೂದಿಲ್ಲ, ನೀ ಮುಂದ ಹೋಗಪಾ ಅಂತ ಅವನ್ನ ಕಳಿಸಿಬಿಟ್ನಿ.”

ಸುಮಲತಾಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

“ಅವ್ವಾ, ನೀರು ಮುಂಜಾನಿನ ಬಂದು ಹೋದವು. ಮೆಸೇಜ್ ತಡಾ ಮಾಡಿ ಬಂತು.”

“ನಿನಗ ಯಾವಾಗ ಗೊತ್ತಾತು?”

“ಮುಂಜಾನಿನ.”

ಮಾಳವ್ವ ಮಗಳನ್ನೊಮ್ಮೆ ನೋಡಿದಳು.

“ಮುಂಜಾನಿಂದ ಫೋನ್ ಕೈಯಾಗ ಹಿಡಕೊಂಡ ಕುಂತಿದ್ನಲ್ಲವಾ, ಸುಮಾ.”

ಆಮೇಲೆ ಬಗ್ಗಿ, ನಳದ ಕೆಳಗಿನ ಖಾಲಿ ಕೊಡ ಎತ್ತಿಕೊಂಡಳು.

“ಬಾ ರೆಹಮತ್‌ಬಿ, ನಮ್ಮನ್ಯಾಗ ಅರ್ಧ ಹಂಡೆ ಅದಾವು. ಬಾಣಂತಿಗೆ ಎರಿಯಾಕ ಆಗ್ತಾವು,” ಎಂದು ಮಗಳನ್ನು ದಾಟಿಕೊಂಡು ಮನೆಯತ್ತ ನಡೆದಳು.